ಗವರ್ನರನ ಟಗರಿನ ಕಿವಿ

ಇಳಿದ ಊರು

ಅಮೆರಿಕದಲ್ಲಿ ಏನು ನೋಡಿದಿರಿ ಎಂದು ಹಿರಿಯೂರಿನಲ್ಲಿ ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಹೇಳುತ್ತಿದ್ದೇನೆ: ಒಂದು ಟಗರಿನ ಕಿವಿ. ಅವರು ನಗುತ್ತಾರೆ. ಅದರಿಂದ ಏನು ತಿಳಿಯಿತು ಎಂದು ಯಾರಾದರೂ ಮುಂದುವರಿಸಿ ಕೇಳಿದರೆ ಮಾತ್ರ ತಡವರಿಸುತ್ತೇನೆ. ಹಾಗಾಗಿ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ನಾನು ಐಮಂಗಲದವನು. ಹಿರಿಯೂರು, ಹೊಳಲ್ಕೆರೆ ಸುತ್ತಿನ ಪಶು ಆಸ್ಪತ್ರೆಗಳಲ್ಲಿ ಪರೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದೆ. ಡಾಕ್ಟರ್ ಅಲ್ಲ, ಕುರಿ ಸಾಕುವವರು ಮಾತ್ರ ಈಗಲೂ ಡಾಕ್ಟ್ರೇ ಎಂದೇ ಕರೆಯುತ್ತಾರೆ. ಜೊತೆಗೆ ಬಂದವರು ಹೊಸದುರ್ಗ ಕಡೆಯ ಹಳ್ಳಿಯೊಂದರ ಈರಮ್ಮ. ಎಲ್ಲರಿಗೂ ಈರಕ್ಕ. ಕೈಯಲ್ಲಿ ಉಣ್ಣೆ ನೂಲುವುದರಲ್ಲಿ ನಮ್ಮ ಜಿಲ್ಲೆಯಲ್ಲಿ ಅವರಷ್ಟು ಹದವಾಗಿ ನೂಲುವವರು ಈಗ ಹೆಚ್ಚು ಉಳಿದಿಲ್ಲ. ಅಮೆರಿಕದ ಈಶಾನ್ಯ ಮೂಲೆಯ ಒಂದು ಸಣ್ಣ ರಾಜ್ಯದ ಸಣ್ಣ ಊರಿನವರು ವರ್ಷಕ್ಕೊಮ್ಮೆ ಉಣ್ಣೆಯ ಮೇಳ ಮಾಡುತ್ತಾರೆ. ಈ ಸಲ ಬೇರೆ ದೇಶಗಳ ನೂಲುವವರನ್ನೂ ಕರೆದಿದ್ದರು. ಈರಕ್ಕನಿಗೆ ಇಂಗ್ಲಿಷ್ ಬಾರದು. ಇಂಗ್ಲಿಷೂ ಕುರಿಯೂ ಗೊತ್ತಿರುವ ಒಬ್ಬ ಬೇಕಾಗಿತ್ತು. ಹೀಗೆ ನಾನು ಹೊರಟೆ.

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ, ಇತ್ತೀಚೆಗೆ ಜಾನುವಾರುಗಳ ಹತ್ತಿರ ಇದ್ದಿರಾ ಎಂದು ಕೇಳಿದ. ಇದನ್ನು ಈರಕ್ಕನಿಗೆ ಹೇಳಿದೆ.

"ಹುಟ್ಟಿದಾಗಿಂದ ಕುರಿ ಜೊತೇಲೇ ಇದೀನಿ ಅಂತ ಹೇಳು. ಬಿಟ್ಟು ಬಂದು ಒಂದು ದಿನ ಆತು ಅಷ್ಟೇಯ."

ಹಾಗೇ ಹೇಳಿದೆ. ಆತ ನಮ್ಮಿಬ್ಬರ ಚಪ್ಪಲಿಗಳನ್ನು ತೆಗೆದುಕೊಂಡು ಒಳಗೆ ಹೋದ. ಅರ್ಧ ಗಂಟೆ ಬರಿಗಾಲಲ್ಲಿ ಕುಳಿತೆವು. ಔಷಧದ ವಾಸನೆಯ ಚಪ್ಪಲಿಗಳು ಒದ್ದೆಯಾಗಿ ವಾಪಸು ಬಂದವು. ಈರಕ್ಕ ತಿರುಗಿಸಿ ಮುರುಗಿಸಿ ನೋಡಿದರು. "ಅಂಗಳದಾಗೆ ಕಾಲು ತೊಳ್ಕಂಡು ಒಳಗೆ ಬಾ ಅಂತೀವಲ್ಲ, ಅದೇಯ. ಇವರು ನೀರು ಕೊಡಲ್ಲ, ಅವರೇ ತೊಳೀತಾರೆ."

ವಾಲ್ಟರನ ಮನೆ

ನಮಗೆ ಉಳಿಯಲು ಜಾಗ ಕೊಟ್ಟವರು ವಾಲ್ಟರ್ ಎಂಬ ಮುದುಕ. ಎಂಬತ್ತರ ಹತ್ತಿರ ವಯಸ್ಸು, ಒಂಟಿ, ಮನೆಯ ಹಿಂದೆಯೇ ಕುರಿಗಳು. ಕುರಿಗಳ ಜೊತೆ ಯಾರೂ ಇರಲಿಲ್ಲ. ಸುತ್ತ ಒಂದು ತಂತಿ ಎಳೆದು ಅದಕ್ಕೆ ಕರೆಂಟು ಬಿಟ್ಟಿದ್ದರು. ಈರಕ್ಕನಿಗೆ ಇದು ಸರಿಬರಲಿಲ್ಲ. ಮೊದಲ ದಿನ ಮೂರು ಸಲ ಹೋಗಿ ತಂತಿಯ ಆಚೆ ನಿಂತು ಬಂದರು. ಕುರಿಗಳು ಯಾರೋ ಬಿಟ್ಟು ಹೋದಂತೆ ಕಾಣುತ್ತವೆ ಎಂದರು. ನಾನು ಅದನ್ನು ವಾಲ್ಟರ್‌ಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಇರಬಹುದು" ಎಂದರು.

ಆ ಊರಿನಲ್ಲಿ ಎದುರು ಬಂದವರೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ವಾಲ್ಟರ್ ಕೇಳುತ್ತಿರಲಿಲ್ಲ. ಕೇಳಿದರೆ ನಿಲ್ಲುತ್ತಿದ್ದರು. ಅದಕ್ಕೇ ನಮಗೆ ಅವರು ಹಿಡಿಸಿದರು.

ಎರಡನೆಯ ದಿನ ಮೇಳದವರು ನಮ್ಮನ್ನು ಗವರ್ನರನ ಮನೆ ನೋಡಲು ಕಳಿಸುವವರಿದ್ದರು. ಊರ ನಡುವೆ ಇರುವ ಆ ಮನೆ ಈಗ ವಸ್ತು ಸಂಗ್ರಹಾಲಯ. ನೂರೈವತ್ತು ವರ್ಷಕ್ಕೂ ಹಿಂದೆ ಆ ಊರಿನ ಕುರಿಗಾರನೊಬ್ಬ ರಾಜ್ಯದ ಗವರ್ನರ್ ಆಗಿದ್ದನಂತೆ. ನಮ್ಮನ್ನು ಬಿಟ್ಟು ಬರಲು ವಾಲ್ಟರ್ ಒಪ್ಪಿಕೊಂಡರು. ಗೇಟಿನವರೆಗೆ ಮಾತ್ರ ಎಂದರು.

ಯಾಕೆ ಎಂದು ಕೇಳಿದೆ. ಗಾಡಿ ಓಡಿಸುತ್ತಲೇ ಹೇಳಿದರು. ಅವರ ಅಜ್ಜನ ಅಜ್ಜನ ಬಳಿ ಒಂದು ಒಳ್ಳೆಯ ತಳಿಯ ಟಗರು ಇತ್ತು. ಒಂದು ಚಳಿಗಾಲಕ್ಕೆ ಮುಂಚೆ ಕಾಣೆಯಾಯಿತು. ಮುಂದಿನ ವರ್ಷ ಊರಿಗೆ ಚಿತ್ರ ತೆಗೆಯುವವನು ಬಂದಾಗ, ಆಗಿನ್ನೂ ಗವರ್ನರ್ ಆಗಿರದ ಆ ಮನುಷ್ಯ ಒಂದು ಟಗರು ಹಿಡಿದು ಚಿತ್ರ ತೆಗೆಸಿಕೊಂಡ. ಅದು ನನ್ನದು ಎಂದು ಇವರ ಹಿರಿಯ ಊರ ಸಭೆಯಲ್ಲಿ ಹೇಳಿದ. ಹಡಗಿನಲ್ಲಿ ಬಂದ ವ್ಯಾಪಾರಿಯಿಂದ ಕೊಂಡೆ ಎಂದು ಆತ ಹೇಳಿದ. ಕಿವಿಯ ಮೇಲೆ ಗುರುತು ಇದೆ ನೋಡಿ ಎಂದರೆ, ಬೇಲಿಗೆ ಸಿಕ್ಕಿ ಹರಿದದ್ದು ಎಂದ. ಊರು ಅವನನ್ನು ನಂಬಿತು. ಆ ಟಗರಿನ ಮರಿಗಳಿಂದ ಅವನು ಮೇಲೆ ಬಂದ. ಇವರ ಮನೆಗೆ ಸುಳ್ಳುಗಾರರ ಮನೆ ಎಂದು ಹೆಸರು ಬಿತ್ತು.

"ಈಗಲೂ ಹಾಗೆ ಅನ್ನುತ್ತಾರಾ?" ಎಂದೆ.

"ಈಗ ತಮಾಷೆಗೆ ಅನ್ನುತ್ತಾರೆ. ನಾನು ಶಾಲೆಯಲ್ಲಿದ್ದಾಗ ತಮಾಷೆಗೆ ಅನ್ನುತ್ತಿರಲಿಲ್ಲ."

ಇದನ್ನೆಲ್ಲ ಈರಕ್ಕನಿಗೆ ಹೇಳಿದೆ. ಅವರು ಒಂದೇ ಮಾತು ಕೇಳಿದರು. "ಕಿವಿ ಯಾರೂ ನೋಡ್ಲಿಲ್ವೇನಪ್ಪ?"

ಗವರ್ನರನ ಮನೆ

ನಮಗೆ ಗವರ್ನರ್ ಎಂದರೆ ದೆಹಲಿಯಿಂದ ಬರುವವರು, ವರ್ಷಕ್ಕೊಂದು ಭಾಷಣ ಓದುವವರು, ಪೊಲೀಸರ ನಡುವೆ ಕಾರಿನಲ್ಲಿ ಸಾಗುವವರು. ಇಲ್ಲಿಯ ಗವರ್ನರ್ ಜನ ಆರಿಸಿದವನು, ನಮ್ಮ ಮುಖ್ಯಮಂತ್ರಿಯ ಹಾಗೆ. ಆದರೆ ಮನೆ ನೋಡಿದರೆ ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರ ಮನೆಯೇ ದೊಡ್ಡದು. ಬಿಳಿ ಬಣ್ಣದ ಮರದ ಮನೆ, ತಲೆಗೆ ತಾಗುವ ಬಾಗಿಲು.

ಮನೆ ನೋಡಿಕೊಳ್ಳುತ್ತಿದ್ದವರು ಎಲೆನ್. ಎಪ್ಪತ್ತು ದಾಟಿದ ಹೆಂಗಸು. ಮೂವತ್ತು ವರ್ಷದಿಂದ ಸಂಬಳವಿಲ್ಲದೆ ಆ ಮನೆ ಕಾದಿದ್ದಾರೆ, ಗವರ್ನರನ ಬದುಕನ್ನು ಪುಸ್ತಕವಾಗಿ ಬರೆಯುತ್ತಿದ್ದಾರೆ. ಅವರು ಹೇಳಿದ್ದು ಇಷ್ಟು. ಬಡವರ ಮನೆಯ ಹುಡುಗ. ಮರ ಕೊಯ್ಯುವ ಕಾರ್ಖಾನೆಯಲ್ಲಿ ಎಡಗೈಯ ಎರಡು ಬೆರಳು ಕಳೆದುಕೊಂಡ. ಚಳಿಗಾಲದಲ್ಲಿ ಶಾಲೆ ಕಲಿಸುತ್ತಿದ್ದ, ಬೇಸಿಗೆಯಲ್ಲಿ ಕುರಿ. ಉಣ್ಣೆಗೆ ಬೆಲೆ ಬಂದ ಕಾಲ. ಊರ ಸಭೆಯಿಂದ ರಾಜ್ಯದ ಶಾಸನಸಭೆಗೆ ಹೋದ, ಅಲ್ಲಿಂದ ಗವರ್ನರ್ ಆದ. ಅಧಿಕಾರ ಮುಗಿದ ಮೇಲೆ ಊರಿಗೆ ವಾಪಸು ಬಂದು ದೊಡ್ಡಿ ಕಾಯುವ ಕೆಲಸಕ್ಕೆ ಚುನಾವಣೆಗೆ ನಿಂತು ಗೆದ್ದ. ದೊಡ್ಡಿ ಎಂದರೆ ನಮ್ಮಲ್ಲೂ ಹಿಂದೆ ಇದ್ದ, ಬೀಡಾಡಿ ದನ ಕೂಡಿಹಾಕುವ ದೊಡ್ಡಿಯೇ. ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಮಾಜಿ ಗವರ್ನರ್ ತಪ್ಪಿಸಿಕೊಂಡ ಹಂದಿ, ದನ ಹಿಡಿದು ಕಟ್ಟುತ್ತಿದ್ದದ್ದು ನಿಜ.

"ನಮ್ಮ ಕಡೆ ಮಾಜಿ ಆದ್ರೆ ಮನೆ ಮುಂದೆ ಬೋರ್ಡು ಹಾಕ್ಕಂತಾರೆ" ಎಂದರು ಈರಕ್ಕ. ಇದನ್ನು ನಾನು ಇಂಗ್ಲಿಷಿಗೆ ತರಲಿಲ್ಲ.

ಗವರ್ನರ್ ಆಗಿ ಆತ ಮಾಡಿದ ಕಾನೂನುಗಳಲ್ಲಿ ಎಲೆನ್‌ಗೆ ಬಹಳ ಇಷ್ಟವಾದದ್ದು ಒಂದು. ಆ ಕಾಲದಲ್ಲಿ ಅಲ್ಲಿಯೂ ಪ್ರತಿ ಮನೆಗೆ ಒಂದು ಕಿವಿಗುರುತು ಇತ್ತು. ಕುರಿಯ ಕಿವಿಯನ್ನು ಹೇಗೆ ಕೊಯ್ಯುತ್ತೇವೆ ಎಂದು ಊರ ಕಚೇರಿಯ ಪುಸ್ತಕದಲ್ಲಿ ಬರೆಸಬೇಕಾಗಿತ್ತು. ಎರಡೂ ಕಿವಿಯ ತುದಿಯನ್ನು ಪೂರ್ತಿ ಕತ್ತರಿಸುವ ಗುರುತನ್ನು ಇನ್ನು ಯಾರೂ ಇಟ್ಟುಕೊಳ್ಳಬಾರದು ಎಂದು ಆತ ಕಾನೂನು ಮಾಡಿದ. ಏಕೆಂದರೆ ಅದರಿಂದ ಹಳೆಯ ಗುರುತು ಅಳಿಸಬಹುದು. ಆತನ ಸ್ವಂತ ಗುರುತೇ ಅದಾಗಿತ್ತು. ಮೊದಲು ತನ್ನದನ್ನು ಬಿಟ್ಟ.

ಗಾಜಿನ ಪೆಟ್ಟಿಗೆಯಲ್ಲಿ ಎಡಗೈಯ ಒಂದು ಚರ್ಮದ ಕೈಗವಸು ಇತ್ತು, ಎರಡು ಬೆರಳು ಕತ್ತರಿಸಿ ಹೊಲಿದದ್ದು. ಅದರ ಪಕ್ಕದಲ್ಲಿ ಆ ಚಿತ್ರ. ಅಂಗೈ ಅಗಲದ ಲೋಹದ ತಗಡು, ಬೆಳ್ಳಿಯಂತೆ ಹೊಳೆಯುತ್ತಿತ್ತು. ನೇರ ನೋಡಿದರೆ ನನ್ನ ಮುಖವೇ ಕಾಣುತ್ತಿತ್ತು. ಸ್ವಲ್ಪ ಓರೆಯಾಗಿ ನಿಂತಾಗ ಆತ ಕಂಡ. ಉದ್ದ ಮುಖ, ಗಡ್ಡವಿಲ್ಲ. ಟಗರು ಅಲುಗದಂತೆ ಮೊಣಕಾಲುಗಳ ನಡುವೆ ಒತ್ತಿ, ಒಂದು ಕೈಯಿಂದ ಕೊಂಬು ಹಿಡಿದಿದ್ದ. ಟಗರಿನ ಎರಡೂ ಕಿವಿಯ ತುದಿ ನೇರ ಕತ್ತರಿಸಿತ್ತು.

ಈರಕ್ಕ ಸೆರಗಿನಿಂದ ಗಾಜು ಒರೆಸಿ ಬಗ್ಗಿದರು. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬಗ್ಗಿಯೇ ಇದ್ದರು.

"ಇದು ಇವನ ಕುರಿ ರೊಪ್ಪದಾಗೆ ಹುಟ್ಟಿದ್ದಲ್ಲ. ಕೊಯ್ದ ಕಿವಿ ಮ್ಯಾಲೆ ಕೊಯ್ದವ್ನೆ."

ತೋರಿಸಿದರು. ಒಂದು ಕಿವಿಯ ಕೆಳ ಅಂಚಿನಲ್ಲಿ, ತುದಿಯ ಕತ್ತರಿಗೆ ತಾಗಿಕೊಂಡಂತೆ, ಅರ್ಧ ಚಂದ್ರದಂಥ ಕಚ್ಚು ಉಳಿದಿತ್ತು. "ಬೇಲಿಗೆ ಹರ್ದಿದ್ದು ಹಿಂಗೆ ಗುಂಡಗೆ ಬರಲ್ಲ, ಚಿಂದಿ ಆಗ್ತೈತೆ. ಇದು ಚಾಕೂದು."

ಈರಕ್ಕನ ಮನೆತನದ ಪದ್ಧತಿ ಹೀಗೆ. ಕುರಿ ಕೊಂಡರೆ ಹಳೆಯ ಗುರುತಿರುವ ಕಿವಿ ಮುಟ್ಟುವುದಿಲ್ಲ, ಇನ್ನೊಂದು ಕಿವಿಗೆ ತಮ್ಮ ಗುರುತು ಹಾಕುತ್ತಾರೆ. ಗುರುತಿನ ಮೇಲೆ ಗುರುತು ಕಂಡರೆ ಹಿರಿಯರು ಕೂತು ವಿಚಾರಿಸುತ್ತಾರೆ. ಇದನ್ನು ಎಲೆನ್‌ಗೆ ಹೇಳುವುದೋ ಬೇಡವೋ ಎಂದು ನಾನು ನಿಂತೆ. ಎಲೆನ್ ನನ್ನ ಮುಖ ನೋಡಿ, "ಅವರು ಏನೋ ಹೇಳಿದರು. ಪೂರ್ತಿ ಹೇಳಿ" ಎಂದರು. ಹೇಳಿದೆ. ಕಿವಿ ಯಾವುದು ಎಂದು ಅವರು ಕೇಳಿದರು. ಚಿತ್ರದಲ್ಲಿ ಟಗರು ನಮ್ಮ ಕಡೆ ಮುಖ ಮಾಡಿತ್ತು. ನಾನು ಲೆಕ್ಕ ಹಾಕಿ, ಟಗರಿನ ಎಡಗಿವಿ ಎಂದೆ. ಮರೆಯದಿರಲೆಂದು ನನ್ನ ಫೋನಿನಲ್ಲಿ ಚಿತ್ರದ ಫೋಟೊ ತೆಗೆದುಕೊಂಡೆ.

ಊರ ಕಚೇರಿ

ಕಿವಿಗುರುತಿನ ಪುಸ್ತಕ ಇಂದಿಗೂ ಊರ ಕಚೇರಿಯಲ್ಲಿದೆ. ಎಲೆನ್ ತಾವೇ ನಮ್ಮನ್ನು ಕರೆದುಕೊಂಡು ಹೋದರು. ನಮ್ಮಲ್ಲಿ ಹಳೆಯ ಕಡತ ನೋಡಬೇಕೆಂದರೆ ಅರ್ಜಿ, ಮತ್ತೆ ನಾಳೆ ಬನ್ನಿ. ಇಲ್ಲಿ ಗುಮಾಸ್ತೆ ಕೈ ತೊಳೆದುಕೊಂಡು ಬಂದು ಪುಸ್ತಕವನ್ನು ನಮ್ಮ ಮುಂದೆಯೇ ಇಟ್ಟಳು. ನಾವು ಯಾರು ಎಂದೂ ಕೇಳಲಿಲ್ಲ.

ವಾಲ್ಟರ್ ಅವರ ಆ ಹಿರಿಯನ ಹೆಸರಿನ ಎದುರು, ಕಂದು ಶಾಯಿಯಲ್ಲಿ ಕಿವಿಯ ಚಿತ್ರವೇ ಬರೆದಿತ್ತು. ಕೆಳ ಅಂಚಿನಲ್ಲಿ ಅರ್ಧ ಚಂದ್ರ. ಪಕ್ಕದ ಬರಹ ಓದಿದೆ. ಬಲಗಿವಿ.

ಮತ್ತೆ ಓದಿದೆ. ಗುಮಾಸ್ತೆಯಿಂದಲೂ ಓದಿಸಿದೆ. ಬಲಗಿವಿಯೇ. ಚಿತ್ರದಲ್ಲಿದ್ದದ್ದು ಎಡ.

"ಹಂಗಾದ್ರೆ ಬೇರೆ ಯಾರ್ದೋ" ಎಂದರು ಈರಕ್ಕ. ಎಲೆನ್ ಪುಸ್ತಕದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಏನೂ ಹೇಳಲಿಲ್ಲ. ಅದು ನೆಮ್ಮದಿ ಎಂದು ನಾನು ತಿಳಿದೆ.

ಗವರ್ನರನ ಮನೆಯ ಗೇಟಿನ ಬಳಿ ಕಾಯುತ್ತಿದ್ದ ವಾಲ್ಟರ್‌ಗೆ, ಗಾಡಿ ಹೊರಟ ಮೇಲೆ ನಾನೇ ಹೇಳಿದೆ. ಹೇಳದೆ ಇರಬಹುದಾಗಿತ್ತು. ಅವರು ಕೇಳಿರಲಿಲ್ಲ. ಆದರೆ ಅವರ ಮನೆಯಲ್ಲಿ ಉಂಡು ಮಲಗುವವನು ಇದನ್ನು ಮುಚ್ಚಿಡುವುದು ಸರಿಯಲ್ಲ ಅನಿಸಿತು. ಕಿವಿಯಲ್ಲಿ ಅರ್ಧ ಚಂದ್ರ ಇದೆ ಎಂದಾಗ ಅವರು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದರು. ಆದರೆ ಅದು ಎಡಗಿವಿ, ಪುಸ್ತಕದಲ್ಲಿರುವುದು ಬಲಗಿವಿ ಎಂದಾಗ ಮತ್ತೆ ಹೊರಡಿಸಿದರು.

"ನನ್ನ ಅಪ್ಪ ಇಲ್ಲದ್ದು ಒಳ್ಳೆಯದಾಯಿತು" ಎಂದರು.

ಮೇಳದ ಮೈದಾನ

ಮರುದಿನ ಬೆಳಿಗ್ಗೆ ಈರಕ್ಕ ಒಂದು ಗುಡಾರದಲ್ಲಿ ಕೂತು ನೂಲತೊಡಗಿದರು. ಸುತ್ತ ಜನ. ಅಲ್ಲಿಯವರು ಚಕ್ರ ತಿರುಗಿಸಿ ನೂಲುತ್ತಾರೆ. ಇವರು ತೊಡೆಯ ಮೇಲೆ ಕದಿರು ಉಜ್ಜಿ ಬಿಟ್ಟರೆ ಅದು ಗಾಳಿಯಲ್ಲಿ ತಿರುಗುತ್ತ ಎಳೆ ಇಳಿಯುವುದನ್ನು ನೋಡಿ ಬೆರಗಾಗುತ್ತಿದ್ದರು. ಒಬ್ಬ ಹೆಂಗಸು ಪಕ್ಕದಲ್ಲಿ ಕೂತು ತನ್ನ ಫೋನನ್ನು ಎದುರು ಹಿಡಿದು ಇಬ್ಬರದೂ ಫೋಟೊ ತೆಗೆದು ಈರಕ್ಕನಿಗೆ ತೋರಿಸಿದಳು.

"ಏ ತಮ್ಮಾ, ಬಾ ಇಲ್ಲಿ. ನನ್ನ ಮೂಗ್‌ಬೊಟ್ಟು ಆ ಕಡೀಗೆ ಹೋಗೈತಲ್ಲ."

ಹೌದು. ಈರಕ್ಕನ ಮೂಗುಬೊಟ್ಟು ಬಲಕ್ಕೆ. ಫೋನಿನಲ್ಲಿ ಎಡಕ್ಕಿತ್ತು. ಕನ್ನಡಿಯಲ್ಲಿ ಕಾಣುವ ಹಾಗೆ ಕೆಲವು ಫೋನುಗಳು ತೋರಿಸುತ್ತವೆ ಅಕ್ಕಾ ಎಂದೆ. ಎಂದವನು ಅಲ್ಲೇ ನಿಂತೆ.

ನನ್ನ ಫೋನು ತೆಗೆದು ಗವರ್ನರನ ಚಿತ್ರ ದೊಡ್ಡದು ಮಾಡಿದೆ. ಕೊಂಬು ಹಿಡಿದ ಕೈಯಲ್ಲಿ ಎರಡು ಬೆರಳಿಲ್ಲ. ಆತ ನಿಂತ ಹಾಗೆ ನಾನೂ ನಿಂತು ನೋಡಿಕೊಂಡೆ. ಅದು ಬಲಗೈ. ಆದರೆ ಆತ ಬೆರಳು ಕಳೆದುಕೊಂಡದ್ದು ಎಡಗೈಯಲ್ಲಿ. ಕೈಗವಸು ಎಡಗೈಯದು, ನಾನೇ ಕಣ್ಣಾರೆ ಕಂಡಿದ್ದೆ. ಚಿತ್ರ ತಗಡಿನ ಮೇಲೆ ಕನ್ನಡಿಯಂತೆ ಬಿದ್ದಿದೆ. ಕೈ ತಿರುಗಿದ್ದರೆ ಕಿವಿಯೂ ತಿರುಗಿದೆ.

ಈರಕ್ಕನಿಗೆ ಬಿಡಿಸಿ ಹೇಳಿದೆ. ಅವರು ಕದಿರು ನಿಲ್ಲಿಸಲಿಲ್ಲ. "ಹೇಳ್ಬೇಕಲ್ಲಪ್ಪ ಮತ್ತೆ."

"ಯಾರಿಗೆ ಮೊದಲು?"

"ಅದು ನಂಗೊತ್ತಿಲ್ಲ. ನೀನು ಓದ್ದೋನು."

ನಾನು ಅಂಜಿದ್ದಕ್ಕೆ ಕಾರಣ ಇದೆ. ಎಷ್ಟೋ ವರ್ಷದ ಹಿಂದೆ ಹೊಳಲ್ಕೆರೆ ಕಡೆಯ ಹಳ್ಳಿಯೊಂದರಲ್ಲಿ, ಒಬ್ಬನ ಮಂದೆಯಲ್ಲಿ ಸಿಕ್ಕ ಕುರಿಯ ಕಿವಿ ನೋಡಿ ಹೇಳು ಎಂದು ಹಿರಿಯರು ನನ್ನನ್ನು ಕರೆದಿದ್ದರು. ಗಾಯ ಹಸಿಯಾಗಿತ್ತು. ಇದು ಹೊಸ ಕೊಯ್ತ ಎಂದೆ, ಅವನಿಗೆ ಕಳ್ಳನೆಂದು ಹೆಸರು ಬಿತ್ತು. ಆ ಮನುಷ್ಯ ಕುರಿ ಮಾರಿ, ಊರು ಬಿಟ್ಟು ಕೂಲಿಗೆ ಹೋದ. ಹುಳ ಬಿದ್ದ ಹಳೆಯ ಗಾಯವೂ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ ಎಂಬುದು ನನಗೆ ಗೊತ್ತಿರಬೇಕಾಗಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ. ನಾನು ತಪ್ಪಿದೆನೋ ಇಲ್ಲವೋ, ಇಂದಿಗೂ ತಿಳಿಯದು. ಅಂದಿನಿಂದ ಯಾವ ಕಿವಿಯ ಬಗ್ಗೆಯೂ ನಾನು ಕೂಡಲೇ ಮಾತಾಡಿದವನಲ್ಲ. ನಿನ್ನೆ ಎಡಗಿವಿ ಎಂದು ಮಾತಾಡಿದ್ದೆ.

ಎಲೆನ್ ಬಳಿಗೆ ಹೋದೆ. ಮನೆಯ ಮುಂದಿನ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ನಾನು ಫೋನು ಹಿಡಿದು ಕೈ, ಬೆರಳು, ಕನ್ನಡಿ ಎಂದು ಆರಂಭಿಸಿದೆ. ಅರ್ಧಕ್ಕೆ ತಡೆದರು.

"ಆ ಕಾಲದ ಆ ಬಗೆಯ ಚಿತ್ರಗಳೆಲ್ಲ ಹಾಗೆ. ತಿರುಗಾಮುರುಗಾ. ನೋಡಲು ಬಂದವರಿಗೆ ಮೂವತ್ತು ವರ್ಷದಿಂದ ನಾನೇ ಅದನ್ನು ಹೇಳುತ್ತ ಬಂದಿದ್ದೇನೆ."

"ಹಾಗಾದರೆ ನಿನ್ನೆ..."

"ನಿನ್ನೆ ಹೇಳಲಿಲ್ಲ."

ನಾನೂ ಪಕ್ಕದಲ್ಲಿ ಕೂತೆ. ಕಿವಿಯ ಕಚ್ಚು ಬೇಲಿಯದೆಂದೇ ತಮ್ಮ ಪುಸ್ತಕದಲ್ಲಿ ಬರೆದಿದ್ದಾಗಿ ಎಲೆನ್ ಹೇಳಿದರು. ಆಮೇಲೆ ಕೇಳಿದರು: "ಕಳ್ಳನಾದರೆ ಕಿವಿಗುರುತಿನ ಆ ಕಾನೂನು ಮಾಡುತ್ತಿದ್ದನೇ? ಕಳ್ಳನಲ್ಲದಿದ್ದರೆ ಅದು ಅವನಿಗೆ ಯಾಕೆ ಹೊಳೆಯಿತು?"

ಅವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಬಟ್ಟೆ ಸುತ್ತಿದ ತಗಡು ಇತ್ತು. ಈರಕ್ಕನನ್ನೂ ಕರೆಯಿರಿ ಎಂದರು.

ವಾಲ್ಟರನ ಕೊಟ್ಟಿಗೆ

ವಾಲ್ಟರ್ ಒಂದು ಕುರಿಯನ್ನು ಕುಂಡಿಯ ಮೇಲೆ ಕೂರಿಸಿಕೊಂಡು ಗೊರಸು ಕತ್ತರಿಸುತ್ತಿದ್ದರು. ಎಲೆನ್‌ರನ್ನು ಕಂಡು ಕುರಿ ಬಿಟ್ಟರು. ಇಬ್ಬರೂ ಮೊದಲು ಹವಾಮಾನದ ಬಗ್ಗೆ ಮಾತಾಡಿದರು. ಇದು ಆ ಊರಿನವರ ಪದ್ಧತಿ, ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಮಳೆಯ ಮಾತು ಆಗಬೇಕು.

ಎಲೆನ್ ಬಟ್ಟೆ ಬಿಚ್ಚಿ, ವಾಲ್ಟರ್ ಅವರ ಗಾಡಿಯ ಪಕ್ಕದ ಕನ್ನಡಿಯ ಎದುರು ತಗಡು ಹಿಡಿದರು. ಹೊಳಪಿಗೆ ಮೊದಲು ಏನೂ ಕಾಣಲಿಲ್ಲ. ವಾಲ್ಟರ್ ಹ್ಯಾಟು ತೆಗೆದು ನೆರಳು ಮಾಡಿದರು. ಕನ್ನಡಿಯೊಳಗೆ ಗವರ್ನರ್ ಎಡಗೈಯಿಂದ ಕೊಂಬು ಹಿಡಿದು ನಿಂತಿದ್ದ. ಟಗರಿನ ಬಲಗಿವಿಯಲ್ಲಿ ಅರ್ಧ ಚಂದ್ರ.

"ಇದು ಮೊದಲೇ ನನಗೆ ಗೊತ್ತಿತ್ತು. ನಿನ್ನೆ ಕಚೇರಿಯಲ್ಲಿ ಸುಮ್ಮನಿದ್ದೆ" ಎಂದರು ಎಲೆನ್.

ವಾಲ್ಟರ್ ಅವರನ್ನು ನೋಡಲಿಲ್ಲ. ಕನ್ನಡಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಅವರನ್ನು ಕೇಳಿ. ಅವನು ಕದ್ದನೇ?" ಎಂದರು.

ಈರಕ್ಕ ಕನ್ನಡಿಯ ಹತ್ತಿರ ಬಗ್ಗಿ ಇನ್ನೊಮ್ಮೆ ನೋಡಿದರು. "ಇದು ನಿಮ್ಮಜ್ಜನ ಗುರುತಿನ ಟಗರೇ ಇದ್ದಂಗೈತೆ. ಕದ್ದನೋ, ಯಾರೋ ಕದ್ದಿದ್ದನ್ನ ಕೊಂಡನೋ, ತಪ್ಪಿಸ್ಕಂಡು ಬಂದಿದ್ದನ್ನ ಕಟ್ಟಿಕಂಡನೋ, ಅದನ್ನ ಕಿವಿ ಹೇಳಲ್ಲ. ನಿಮ್ಮಜ್ಜ ಸುಳ್ಳು ಹೇಳಲಿಲ್ಲ. ಅಷ್ಟು ಹೇಳ್ತೈತೆ."

ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಂದೆ. ಏನೂ ಸೇರಿಸಲಿಲ್ಲ, ಏನೂ ಬಿಡಲಿಲ್ಲ. ವಾಲ್ಟರ್ ಕೊನೆಯದನ್ನು ಇನ್ನೊಮ್ಮೆ ಹೇಳಿಸಿದರು. ಆಮೇಲೆ ಅದನ್ನು ಕಾಗದದ ಮೇಲೆ ಬರೆದುಕೊಡಿ ಎಂದರು. ಕೊನೆಯ ಮಾತು ಮಾತ್ರ ಸಾಕಂತೆ.

ಈರಕ್ಕ ತಲೆಯಾಡಿಸಿದರು. "ಮೊದ್ಲಿಂದು ಬಿಟ್ರೆ ಅದು ನನ್ನ ಮಾತಲ್ಲ. ಎಲ್ಲಾ ಬರಿ, ಇಲ್ದಿದ್ರೆ ಬಿಡು."

ನಾನು ಹೇಳಿದೆ. ವಾಲ್ಟರ್ ಗೊರಸು ಕತ್ತರಿಯನ್ನು ತೊಡೆಗೆ ಒರೆಸುತ್ತ ನಿಂತರು. ಎಂಬತ್ತು ವರ್ಷ ಕಾದವರಿಗೆ ಅರ್ಧ ಉತ್ತರ ಕೊಡುತ್ತಿದ್ದೇವೆ ಎಂದು ನನಗೆ ನಾಚಿಕೆಯಾಯಿತು. ಎಲೆನ್ ಕೂಡ ಕಾಯುತ್ತಿದ್ದರು. ಅವರ ಗವರ್ನರನಿಗೆ ಉಳಿದದ್ದು ಕಿವಿ ಹೇಳದ ಇನ್ನರ್ಧ ಮಾತ್ರ.

"ಎಲ್ಲ ಬರೆಯಿರಿ" ಎಂದರು ವಾಲ್ಟರ್.

ಉಣ್ಣೆಯ ಚೀಲದ ಮೇಲೆ ಕಾಗದ ಇಟ್ಟು, ಈರಕ್ಕ ಹೇಳಿದ ಹಾಗೇ ಕನ್ನಡದಲ್ಲಿ ಬರೆದೆ, ಕೆಳಗೆ ಇಂಗ್ಲಿಷಿನಲ್ಲಿ. ಅದೇ ಗುರುತು ನೆರೆಯೂರಿನಲ್ಲಿ ಇನ್ನೊಬ್ಬರಿಗೂ ಇದ್ದಿರಬಹುದು ಎಂದು ಒಂದು ಸಾಲು ನಾನು ಸೇರಿಸಬೇಕೆಂದಿದ್ದೆ. ಅದು ಈರಕ್ಕನ ಮಾತಲ್ಲವಾದ್ದರಿಂದ ಸೇರಿಸಲಿಲ್ಲ. ಸರಿ ಮಾಡಿದೆನೋ ತಿಳಿಯದು. ಈರಕ್ಕ ಸಹಿ ಹಾಕಿದರು. ನಾನು ಹಾಕಿದೆ.

ಎಲೆನ್ ಕಾಗದ ಓದಿ, ಇನ್ನೊಂದು ಪ್ರತಿ ಬೇಕು, ಚಿತ್ರದ ಪಕ್ಕದಲ್ಲಿಡುತ್ತೇನೆ ಎಂದರು. ನಾನು ಮತ್ತೆ ಬರೆಯತೊಡಗಿದೆ. ಮೂರನೆಯ ಸಾಲಿನಲ್ಲಿದ್ದಾಗ ವಾಲ್ಟರ್ ಎಲೆನ್‌ಗೆ ಕೂತುಕೊಳ್ಳಲು ಒಂದು ಬಕೆಟ್ ಬೋರಲು ಹಾಕಿ ಕೊಟ್ಟರು.